ಕೆಂಪು ದಾರದ ಗಂಟುಗಳು

ಮಾರ್ಚ್ ೩, ಸೋಮವಾರ

ನಾನು ಈ ಮನೆಗೆ ಹಿರಿಯಳು, ಕೆಳಗಿನ ಲಾಂಡ್ರಿಗೆ ಯಜಮಾನಿ. ವಯಸ್ಸು ಅರವತ್ತೊಂಬತ್ತು. ಹೈಸ್ಕೂಲು ಮುಗಿಸಿದ್ದೇನೆ, ಅದೂ ಮೊದಲ ದರ್ಜೆಯಲ್ಲಿ. ಊರಿನ ಎರಡು ದೊಡ್ಡ ಹೋಟೆಲುಗಳ ಹಾಸಿಗೆ ಹೊದಿಕೆಗಳು, ಆಸ್ಪತ್ರೆಯ ಬಿಳಿ ಕೋಟುಗಳು, ವಕೀಲರ ಕಾಲರುಗಳು, ಇವೆಲ್ಲ ನನ್ನ ಕಣ್ಣೆದುರು ಹಾದುಹೋದ ಮೇಲೆಯೇ ಇನ್ನೊಬ್ಬರ ಮೈ ಮುಟ್ಟುವುದು. ಗಂಡ ತೀರಿಕೊಂಡ ವಾರವೂ ನಾನು ಬಾಯ್ಲರ್ ಆರಿಸಿರಲಿಲ್ಲ.

ಸೋಪಿನ ಕಂಪನಿಯವರು ವರ್ಷವರ್ಷವೂ ಕೊಡುವ ಡೈರಿಗಳು ಬೀರುವಿನಲ್ಲಿ ಖಾಲಿ ಬಿದ್ದಿರುತ್ತವೆ. ಈ ವರ್ಷದ್ದಕ್ಕೆ ಇವತ್ತು ಕೆಲಸ ಬಂತು. ಒಂದು ಕಾರ್ಯಕ್ಕೆ ಕೈ ಹಾಕಿದ್ದೇನೆ. ಹೇಗೆ ನಡೆಯಿತು ಎಂಬುದು ನನಗಾದರೂ ಸರಿಯಾಗಿ ನೆನಪಿರಬೇಕು.

ಮಧ್ಯಾಹ್ನ ಪಿಯಾನೋ ಟೀಚರ್ ಬಂದಿದ್ದಳು. ಬಡಕಲು ಹೆಂಗಸು. ಗಿರಾಕಿಗಳ ಸಾಲಿನಲ್ಲೇ ನಿಂತು, ಸರದಿ ಬಂದ ಮೇಲೆ ಬಟ್ಟೆಯ ಬದಲು ಒಂದು ಅರ್ಜಿ ಮುಂದಿಟ್ಟಳು.

"ನಿಮ್ಮ ಮೊಮ್ಮಗಳನ್ನ ಸ್ಪರ್ಧೆಗೆ ಕಳಿಸ್ಬೇಕು ಅಂತಿದೀನಿ. ಹದಿನೆಂಟರ ಒಳಗಿನವರಿಗೆ. ಮೊದಲು ರೆಕಾರ್ಡಿಂಗ್ ಕಳಿಸ್ಬೇಕು. ಅದರಲ್ಲಿ ಹನ್ನೆರಡು ಜನರನ್ನ ಆರಿಸಿ ರಾಜಧಾನಿಗೆ ಕರೀತಾರೆ."

"ಗೆಲ್ತಾಳಾ?"

"ಚೆನ್ನಾಗಿ ನುಡಿಸ್ತಾಳೆ."

"ನಾನು ಕೇಳಿದ್ದು ಅದಲ್ಲ."

"ನಾನು ಹೇಳೋಕಾಗೋದು ಅಷ್ಟೇ."

ಹೆದರದ ಹೆಂಗಸು. ಪೋಷಕರು ಎಂಬ ಜಾಗದಲ್ಲಿ ಸಹಿ ಮಾಡಿಕೊಟ್ಟೆ.

ಹುಡುಗಿಗೆ ಹದಿನಾರು. ಎಲ್ಲರೂ ಗುಬ್ಬಿ ಎಂದು ಕರೆಯುತ್ತಾರೆ. ಬೆಳೆದವಳಿಗೆ ಅದು ಶೋಭೆಯಲ್ಲವೆಂದು ನಾನು ಹುಡುಗಿ ಎನ್ನುತ್ತೇನೆ. ಅವಳ ಅಪ್ಪ ನನ್ನ ಹಿರಿಮಗ. ಲಾಂಡ್ರಿ ಬೇಡವೆಂದು ಹಠ ಹಿಡಿದು ಪಿಯಾನೋಗಳಿಗೆ ಶ್ರುತಿ ಕೂಡಿಸುವ ಕೆಲಸ ಕಲಿತ. ಮುಚ್ಚಿಹೋದ ಯಾವುದೋ ಶಾಲೆಯ ಪಿಯಾನೋ ತಂದು ಮುಂಗೋಣೆಗೆ ನೂಕಿದ. ಎಂಟು ವರ್ಷದ ಹಿಂದೆ ಜ್ವರದಲ್ಲಿ ಹೋಗಿಬಿಟ್ಟ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನ ಹೆಂಡತಿ ಒಬ್ಬ ಬಸ್ ಡ್ರೈವರನ್ನು ಮದುವೆಯಾಗಿ ನದಿಯಾಚೆ ಮನೆ ಮಾಡಿದಳು. ಹೊರಟ ದಿನ ಕೆಲಸದವರೆಲ್ಲರ ಎದುರು ನಾನು ಹೇಳಿದ್ದೆ, ಇನ್ನು ಈ ಮನೆಗೂ ನಿನಗೂ ಸಂಬಂಧವಿಲ್ಲ ಎಂದು. ಹುಡುಗಿಯನ್ನು ಮಾತ್ರ ಬಲವಂತ ಮಾಡಲಿಲ್ಲ. ಎಲ್ಲಿರುತ್ತೀಯ ಎಂದು ಅವಳನ್ನೇ ಕೇಳಿದೆವು. ಹತ್ತು ವರ್ಷದ ಕೂಸು, ಪಿಯಾನೋಗೆ ಒರಗಿ ನಿಂತಿತ್ತು. "ಇಲ್ಲೇ" ಎಂದಿತು.

ಅದಕ್ಕಿಂತ ಇನ್ನೇನು ಬೇಕು?

ಮಾರ್ಚ್ ೫, ಬುಧವಾರ

ಸಂಜೆ ಐದರಿಂದ ಏಳರವರೆಗೆ ಅಭ್ಯಾಸ. ನಾನು ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಗುರುವಾರ ಮಾತ್ರ ಆಗದು. ಅವತ್ತು ಆಸ್ಪತ್ರೆಗೆ ಹೋಗಿ ಕೋಟುಗಳನ್ನು ಒಪ್ಪಿಸಿ, ಕೊಳೆ ಬಟ್ಟೆ ತರಬೇಕು.

ಸಂಗೀತ ನನಗೆ ಬಾರದು. ಅದೇನೂ ಅಡ್ಡಿಯಲ್ಲ. ತಪ್ಪು ಕಂಡುಹಿಡಿಯುವುದು ನನಗೆ ಬರುತ್ತದೆ. ನಮ್ಮ ಲಾಂಡ್ರಿಯಲ್ಲಿ ಕಲೆ ಉಳಿದ ಬಟ್ಟೆಯ ಅಂಚಿಗೆ ಕೆಂಪು ದಾರದ ಗಂಟು ಹಾಕುತ್ತೇವೆ. ಗಂಟು ಕಂಡರೆ ಬಟ್ಟೆ ಮತ್ತೆ ನೀರಿಗೆ. ಯಾರೂ ಯಾರನ್ನೂ ಬೈಯಬೇಕಿಲ್ಲ. ಅದೇ ಕ್ರಮವನ್ನು ಇಲ್ಲಿಗೂ ತಂದೆ. ಉದ್ದ ದಾರವೊಂದನ್ನು ಮಡಿಲಲ್ಲಿಟ್ಟುಕೊಂಡು, ಅವಳ ಕೈ ನಿಂತಾಗಲೆಲ್ಲ ಒಂದು ಗಂಟು. ಬಾಯಿ ಬಿಡುವುದಿಲ್ಲ.

ಮೊದಲ ದಿನ ಹದಿನಾಲ್ಕು ಗಂಟು. ದಾರ ಎತ್ತಿ ತೋರಿಸಿದೆ.

"ಅಜ್ಜಿ, ಅದು..." ಎಂದಳು.

"ಅದು ಇದು ಬೇಡ. ನಾಳಿದ್ದು ಹತ್ತಕ್ಕೆ ಇಳಿಸು."

ಮಾರ್ಚ್ ೭, ಶುಕ್ರವಾರ

ಹನ್ನೊಂದು.

ಮಾರ್ಚ್ ೧೨, ಬುಧವಾರ

ಆರು. ಬಾಗಿಲಲ್ಲಿ ನಿಂತು ಕಿರಿಮಗ ನೋಡುತ್ತಿದ್ದ. ಅವನು ನಮ್ಮ ವ್ಯಾನ್ ಓಡಿಸುತ್ತಾನೆ. ಮದುವೆಯಾದ ಮೇಲೆ ಮೇಲಿನ ಮಹಡಿಯಲ್ಲಿ ಬೇರೆ ಅಡುಗೆ.

"ಅಮ್ಮಾ, ಅದು ಪಿಯಾನೋ, ಮೇಜಿನ ಬಟ್ಟೆ ಅಲ್ಲ."

"ನಿನ್ನ ವ್ಯಾನ್ ತೊಳೆದು ಎಷ್ಟು ದಿನ ಆಯ್ತು?"

ಬಕೆಟ್ ಎತ್ತಿಕೊಂಡು ಕೆಳಗಿಳಿದ.

ಮಾರ್ಚ್ ೨೧, ಶುಕ್ರವಾರ

ಒಂದೂ ಗಂಟಿಲ್ಲ. ಸ್ಪರ್ಧೆಯ ಮೂರು ತುಣುಕುಗಳನ್ನೂ ಮೊದಲಿನಿಂದ ಕೊನೆಯವರೆಗೆ ಎಲ್ಲೂ ನಿಲ್ಲದೆ ಮುಗಿಸಿದಳು, ಹೊಸದಾಗಿ ಎಣ್ಣೆ ಬಿಟ್ಟ ಇಸ್ತ್ರಿ ರೋಲರಿನಿಂದ ಹೊದಿಕೆ ಹೊರಬಂದ ಹಾಗೆ. ಹದಿನೇಳು ದಿನದಲ್ಲಿ ಟೀಚರಿಗೆ ವರ್ಷಗಟ್ಟಲೆ ಮಾಡಲಾಗದ್ದು ಆಯಿತು. ಹುಡುಗಿಯ ಎದುರು ಹೇಳಲಿಲ್ಲ, ಹೊಗಳಿದರೆ ಕೈ ಸಡಿಲವಾಗುತ್ತದೆ.

ಊಟದ ಹೊತ್ತಿನಲ್ಲಿ ಹುಡುಗಿಯ ಮಾತು ಕಡಿಮೆಯಾಗಿದೆ. ಗಮನ ಒಂದೇ ಕಡೆ ನಿಂತಿರುವುದರ ಗುರುತು.

ಮಾರ್ಚ್ ೨೪, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ರೆಕಾರ್ಡಿಂಗ್ ಮಾಡಲು ಟೀಚರ್ ಮನೆಗೇ ಬಂದಳು. ಕೆಳಗೆ ಯಂತ್ರಗಳನ್ನೆಲ್ಲ ನಿಲ್ಲಿಸಿದೆ, ಹೋಟೆಲಿನವರ ಹೊದಿಕೆ ಕಾಯ್ದರೆ ಕಾಯಲಿ ಎಂದು. ನಾನು ನನ್ನ ಕುರ್ಚಿಯಲ್ಲಿ ಕುಳಿತೆ. ಹುಡುಗಿ ನಿಧಾನದ ತುಣುಕಿನಿಂದ ಶುರು ಮಾಡಿದಳು. ಎರಡನೇ ಪುಟ ಮುಗಿಯುವ ಮೊದಲೇ ಟೀಚರ್ ಕೈ ಎತ್ತಿದಳು.

"ಯಾಕೆ ಓಡ್ತಿದೀಯ?"

ಹುಡುಗಿ ಕೈಗಳನ್ನು ಮಡಿಲಿಗೆ ಇಳಿಸಿದಳು.

"ಇಲ್ಲಿ ನಾಲ್ಕು ಎಣಿಕೆ ಬಿಡಬೇಕು. ಇಲ್ಲಿ ಎರಡು. ಈ ಸಾಲಲ್ಲಿ ನೀನು ಒಂದನ್ನೂ ಬಿಡಲಿಲ್ಲ. ಹೋದ ತಿಂಗಳು ಎಷ್ಟು ಚೆನ್ನಾಗಿತ್ತು! ನಂಗೆ ಪಾಠದ ದಿನವೇ ಅನುಮಾನ ಬಂತು, ಸುಸ್ತಾಗಿದೆಯೇನೋ ಅಂದ್ಕೊಂಡೆ. ಏನಾಯ್ತಮ್ಮಾ?"

ಹುಡುಗಿ ತಲೆ ತಗ್ಗಿಸಿ ನನ್ನ ಮಡಿಲಿನ ದಾರದ ಕಡೆ ನೋಡಿದಳು. ಅವಳ ಜೊತೆ ಟೀಚರೂ ನೋಡಿದಳು.

"ಅದೇನದು?"

ನಾನೇ ಹೇಳಿದೆ. ಮುಚ್ಚಿಡುವಂಥದ್ದೇನೂ ಅಲ್ಲವಲ್ಲ. ಕೈ ನಿಂತರೆ ಗಂಟು.

ಟೀಚರ್ ಪಿಯಾನೋ ಮೇಲಿನ ಸ್ವರಗಳ ಪುಸ್ತಕ ಎತ್ತಿಕೊಂಡಳು. ಅದನ್ನು ನನ್ನ ಕೈಗೆ ಕೊಟ್ಟು, ಸಾಲುಗಳ ನಡುವಿನ ಸಣ್ಣ ಕಪ್ಪು ಗುರುತುಗಳ ಮೇಲೆ ಬೆರಳಿಟ್ಟಳು. "ಇದು ಸುಮ್ಮನಿರಬೇಕು ಅಂತ ಬರೆದಿರೋದು. ಇದೂ. ಇದೂ. ಬರೆದವರೇ ಇಲ್ಲಿ ನಿಲ್ಲು ಅಂದಿದಾರೆ. ನೀವು ತಪ್ಪಿಗೆ ಗಂಟು ಹಾಕಿಲ್ಲ ಅಮ್ಮಾ. ಅವಳು ಸರಿಯಾಗಿ ಮಾಡಿದ್ದಕ್ಕೆಲ್ಲ ಹಾಕಿದೀರ."

ನಾನು ಹುಡುಗಿಯನ್ನು ಕೇಳಿದೆ. "ನೀನ್ಯಾಕೆ ಹೇಳಲಿಲ್ಲ?"

"ಹೇಳೋಕೆ ಬಂದೆ ಅಜ್ಜಿ. ಮೊದಲ ದಿನಾನೇ."

ರೆಕಾರ್ಡಿಂಗ್ ಆಗಲಿಲ್ಲ. ತನ್ನ ಮನೆಯಲ್ಲೇ ಮಾಡಿಸುತ್ತೇನೆಂದು ಟೀಚರ್ ಅವಳನ್ನು ಕರೆದುಕೊಂಡು ಹೋದಳು. ಯಂತ್ರಗಳನ್ನು ಮತ್ತೆ ಶುರು ಮಾಡಿ ಎಂದು ಹೇಳುವುದು ನನಗೆ ಮರೆತೇಹೋಯಿತು. ಕೆಲಸದವರು ಅರ್ಧ ಗಂಟೆ ಕೈ ಕಟ್ಟಿ ನಿಂತಿದ್ದರಂತೆ.

ಮಾರ್ಚ್ ೨೫, ಮಂಗಳವಾರ

ತಿಳಿಯದೆ ಮಾಡಿದ್ದು. ಹೈಸ್ಕೂಲಿನಲ್ಲಿ ಪಿಯಾನೋ ಕಲಿಸಿರಲಿಲ್ಲ.

ಏಪ್ರಿಲ್ ೨, ಬುಧವಾರ

ಹುಡುಗಿ ಈಗ ಶಾಲೆ ಮುಗಿಸಿ ನೇರ ಟೀಚರ್ ಮನೆಗೆ ಹೋಗುತ್ತಾಳೆ. ಬರುವುದು ಏಳೂವರೆಗೆ. ಐದಕ್ಕೆ ನಾನು ಅಭ್ಯಾಸದಂತೆ ಮೇಲೆ ಬರುತ್ತೇನೆ. ಕುರ್ಚಿ ಅಲ್ಲೇ ಇದೆ, ಪಿಯಾನೋ ಅಲ್ಲೇ ಇದೆ. ಮೇಲಿನ ಮಹಡಿಯಲ್ಲಿ ಕಿರಿಮಗ, ಸೊಸೆ ಏನೋ ಹೇಳಿಕೊಂಡು ನಗುತ್ತಿರುತ್ತಾರೆ. ಕೆಳಗಡೆ ಕೆಲಸದವರು ರೇಡಿಯೋ ಹಾಕಿಕೊಂಡಿರುತ್ತಾರೆ. ನಾನು ಬಂದ ಸದ್ದು ಕೇಳಿದರೆ ಎರಡೂ ಕಡೆ ದನಿ ತಗ್ಗುತ್ತದೆ. ಇಷ್ಟು ವರ್ಷ ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಮರ್ಯಾದೆಯೇ ಇರಬೇಕು.

ಇವತ್ತು ಪಿಯಾನೋದ ಮುಚ್ಚಳ ತೆಗೆದು ಧೂಳು ಒರೆಸಿದೆ. ಒರೆಸುವಾಗ ಒಂದು ಕೀ ಒತ್ತಿಹೋಯಿತು. ಸದ್ದು ಗೋಡೆಗೆ ಹೋಗಿ ಸೇರುವವರೆಗೂ ನಿಂತಿದ್ದೆ. ಎಷ್ಟು ಹೊತ್ತು ಉಳಿಯುತ್ತದೆ ಅದು!

ಏಪ್ರಿಲ್ ೧೯, ಶನಿವಾರ

ಹನ್ನೆರಡರಲ್ಲಿ ಗುಬ್ಬಿಯ ಹೆಸರಿದೆ!

ಟೀಚರ್ ಕಾಗದ ಹಿಡಿದು ಓಡಿಬಂದಳು, ಈ ಸಲ ಸಾಲಿನಲ್ಲಿ ನಿಲ್ಲಲಿಲ್ಲ. ಗಿರಾಕಿಗಳ ಎದುರೇ ಓದಿದಳು. ಇಸ್ತ್ರಿಯವನು, ನಮ್ಮಲ್ಲಿ ಮೂವತ್ತು ವರ್ಷದಿಂದ ಇರುವವನು, ಕಣ್ಣೊರೆಸಿಕೊಂಡ. ಕೇಳಿದರೆ ಹಬೆ ಎಂದ. ನಾನು ವಕೀಲರೊಬ್ಬರಿಗೆ ಬೇರೆ ಯಾರದೋ ಕೋಟು ಕೊಟ್ಟು ಕಳಿಸಿದೆನಂತೆ.

ಮೇ ಕೊನೆಯ ವಾರ, ಮೂರು ದಿನ, ರಾಜಧಾನಿಯಲ್ಲಿ. ಪ್ರತಿ ಸ್ಪರ್ಧಿಯ ಜೊತೆ ಮನೆಯ ಹಿರಿಯರು ಒಬ್ಬರೇ ಹೋಗಬಹುದು. ಆ ಒಬ್ಬರಿಗೆ ಮಾತ್ರ ವಸತಿ, ವೇದಿಕೆಯ ಪಕ್ಕದ ಕೋಣೆಯಲ್ಲಿ ಕೂರಲು ಅವಕಾಶ. ಅವರ ಹೆಸರು ಬರೆದು, ಸಹಿ ಮಾಡಿಸಿ, ಮೇ ಹತ್ತರೊಳಗೆ ಅಂಚೆಯಲ್ಲಿ ತಲುಪಿಸಬೇಕು. ಒಮ್ಮೆ ಕಳಿಸಿದ ಮೇಲೆ ಹೆಸರು ಬದಲಾಯಿಸುವಂತಿಲ್ಲ.

"ನಾನೇ ಬರ್ತೀನಿ," ಎಂದೆ.

"ಹೂಂ, ಅಜ್ಜಿ," ಎಂದಳು ಗುಬ್ಬಿ.

ಬೂದು ಕೋಟು ಹೊರತೆಗೆದು ನನ್ನ ಕೈಯಿಂದಲೇ ಇಸ್ತ್ರಿ ಮಾಡಿದೆ. ಅರ್ಜಿಯನ್ನು ಪುರುಸೊತ್ತಿನಲ್ಲಿ ತುಂಬಿದರಾಯಿತು.

ಏಪ್ರಿಲ್ ೨೩, ಬುಧವಾರ

ಗುಬ್ಬಿಯ ಅಭ್ಯಾಸ ಮತ್ತೆ ಮನೆಯಲ್ಲೇ. ಟೀಚರ್ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ. ಗಂಟು ಹಾಕುವುದಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ದಾರದ ಉಂಡೆಯನ್ನು ಅವಳ ಎದುರೇ ಕೆಳಗೆ ಕಳಿಸಿದೆ. ಕುರ್ಚಿಯನ್ನು ಬಾಗಿಲ ಹತ್ತಿರ ಹಾಕಿಕೊಂಡೆ. ಈಗ ನಿಲ್ಲಬೇಕಾದ ಕಡೆ ನಿಲ್ಲುತ್ತಾಳೆ. ಆದರೆ ನಿಂತಾಗಲೆಲ್ಲ ಅವಳ ಭುಜ ಬಿಗಿಯುತ್ತದೆ, ಹಿಂದಿನಿಂದ ಯಾರೋ ಕೂಗುತ್ತಾರೆ ಎಂಬ ಹಾಗೆ.

ಏಪ್ರಿಲ್ ೨೬, ಶನಿವಾರ

ಇಸ್ತ್ರಿಯವನು ಕಾಲರುಗಳ ಕಟ್ಟು ತಂದಿಟ್ಟು ಅಲ್ಲೇ ನಿಂತ.

"ಅಮ್ಮಾವ್ರೇ, ಒಂದು ಮಾತು. ಬೈಬಾರದು."

"ಬೈಯೋದು ಬಿಡೋದು ಮಾತು ಕೇಳಿದ ಮೇಲೆ."

"ಗುರುವಾರ ನೀವು ಆಸ್ಪತ್ರೆಗೆ ಹೋಗ್ತೀರಲ್ಲ, ಅವತ್ತು ಬರೋ ಪಿಯಾನೋನೇ ಬೇರೆ. ನಾವೆಲ್ಲ ಇಸ್ತ್ರಿಪೆಟ್ಟಿಗೆ ಆಫ್ ಮಾಡಿ ಕೇಳ್ತೀವಿ."

"ನಿನಗೆ ಸಂಬಳ ಕೊಡೋದು ಇಸ್ತ್ರಿಪೆಟ್ಟಿಗೆ ಆಫ್ ಮಾಡೋಕಾ?"

"ಅದಕ್ಕೇ ಬೈಬಾರದು ಅಂದಿದ್ದು."

"ಬೇರೆ ಅಂದ್ರೆ ಹೇಗೆ ಬೇರೆ?"

ತಲೆ ಕೆರೆದುಕೊಂಡ. "ಹೇಗೆ ಹೇಳ್ಲಿ? ಬಟ್ಟೆ ಒಗೆದು ಬಿಸಿಲಿಗೆ ಹಾಕಿದ ಹಾಗೆ. ಬೇರೆ ದಿನ ಹಿಂಡಿ ಇಟ್ಟ ಹಾಗಿರತ್ತೆ."

ಬೈದು ಕಳಿಸಿದೆ.

ಮೇ ೧, ಗುರುವಾರ

ಆಸ್ಪತ್ರೆಗೆ ಕಿರಿಮಗನನ್ನು ಕಳಿಸಿ, ನಾನು ಹೋದವಳ ಹಾಗೆ ಮಾಡಿ ಹಿಂಬಾಗಿಲಿನಿಂದ ಒಳಬಂದೆ. ಮುಂಗೋಣೆಯ ನೇರ ಕೆಳಗೆ ಹೊದಿಕೆಗಳ ಉಗ್ರಾಣವಿದೆ. ಹಬೆಯ ಕೊಳವೆಗಾಗಿ ಚಾವಣಿಯಲ್ಲಿ ಕೊರೆದ ತೂತಿನಿಂದ ಮೇಲಿನ ಉಸಿರೂ ಕೇಳುತ್ತದೆ. ನನ್ನದೇ ಮನೆಯಲ್ಲಿ ನಾನೇ ಕಳ್ಳಿಯಂತೆ ಹೊದಿಕೆಯ ಕಟ್ಟಿನ ಮೇಲೆ ಕುಳಿತೆ.

ಗುಬ್ಬಿ ನಿಧಾನದ ತುಣುಕು ನುಡಿಸಿದಳು. ಇಷ್ಟು ದಿನ ಪಕ್ಕದಲ್ಲೇ ಕುಳಿತು ನಾನು ಒಮ್ಮೆಯೂ ಕೇಳಿಲ್ಲದ ತುಣುಕು ಅದು. ಸ್ವರ ನಿಲ್ಲುತ್ತಿತ್ತು, ನಾನು ಕಾಯುತ್ತಿದ್ದೆ, ಇನ್ನೇನು ಬರುವುದೇ ಇಲ್ಲವೇನೋ ಅನ್ನಿಸುವಷ್ಟರಲ್ಲಿ ಮೆಲ್ಲಗೆ ಬರುತ್ತಿತ್ತು. ಎಷ್ಟು ಸಲ ಹಾಗಾಯಿತೋ ಎಣಿಸಲಿಲ್ಲ.

ಮುಗಿದ ಮೇಲೆ ಅವಳ ದನಿ. "ಕೇಳಿಸ್ತಾ ಅಮ್ಮಾ?"

ಸ್ಪೀಕರ್ ಹಾಕಿ ಫೋನನ್ನು ಪಿಯಾನೋ ಮೇಲಿಟ್ಟಿರಬೇಕು. ಉತ್ತರ ಕೊಳವೆಯ ತೂತಿನಿಂದ ನನ್ನ ತಲೆಯ ಮೇಲೆ ಸುರಿಯಿತು. ಆರು ವರ್ಷ ಕೇಳದಿದ್ದರೂ ದನಿಯ ಗುರುತು ಹತ್ತಿತು. "ಕೇಳಿಸ್ತು ಕಣೇ. ಆ ಮೇಲಿನ ಸ್ವರ ಸ್ವಲ್ಪ ಇಳಿದಿದೆ. ನಿಮ್ಮಪ್ಪ ಇದ್ದಿದ್ರೆ ಊಟ ಬಿಟ್ಟು ಎದ್ದು ಬಂದು ಬಿಗಿ ಮಾಡ್ತಿದ್ರು."

ಗುಬ್ಬಿ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಅವಳಿಗೆ ಅಂಥ ನಗು ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಅಮ್ಮಾ, ಸ್ಪರ್ಧೆಗೆ ನೀನು ಬಾ."

"ಅಜ್ಜಿ ಜೊತೆ ಹೋಗು. ಹಠ ಮಾಡ್ಬೇಡ. ಅವರು ನಿನ್ನ ಸಾಕಿದಾರೆ. ನಾನು ಗುರುವಾರ ಗುರುವಾರ ಕೆಲಸದ ಅಂಗಡಿ ಹಿಂದೆ ನಿಂತು ಫೋನಲ್ಲಿ ಕೇಳ್ತೀನಲ್ಲ, ಸಾಕು."

"ಅವತ್ತೇ ನಿನ್ನ ಜೊತೆ ಬಂದುಬಿಡಬೇಕಿತ್ತು."

"ಪಿಯಾನೋ ಎಲ್ಲಿಡ್ತಿದ್ವಿ ಹೇಳು? ನಮ್ಮ ಮನೆ ಬಾಗಿಲಲ್ಲೇ ಹಿಡಿಯಲ್ಲ ಅದು. ನೀನು ಅದಕ್ಕೋಸ್ಕರ ಅಲ್ಲುಳಿದೆ, ನಾನು ಅದಕ್ಕೋಸ್ಕರ ಬಿಟ್ಟುಬಂದೆ. ಈಗ ಅಳಬೇಡ. ಕೈ ಒದ್ದೆ ಆದ್ರೆ ಕೀ ಜಾರತ್ತೆ."

ಗುಬ್ಬಿ ಮತ್ತೆ ನುಡಿಸತೊಡಗಿದಳು. ನಾನು ಎದ್ದೆ. ಇಸ್ತ್ರಿಕೋಣೆಯಲ್ಲಿ ಎಲ್ಲರೂ ಕೈ ಕಟ್ಟಿ ನಿಂತು ಚಾವಣಿ ನೋಡುತ್ತಿದ್ದರು. ನನ್ನನ್ನು ಕಂಡು ಬೆಚ್ಚಿದರು. ಬೈಯದೆ ದಾಟಿಹೋದೆ.

ಮೇ ೨, ಶುಕ್ರವಾರ

ಬೆಳಿಗ್ಗೆ ಕೆಲಸ. ಮಧ್ಯಾಹ್ನ ಕೆಲಸ. ಊಟ ಸೇರಲಿಲ್ಲ.

ಮೇ ೩, ಶನಿವಾರ

ಪಿಯಾನೋಗಾಗಿ.

ಮೇ ೫, ಸೋಮವಾರ

ಅರ್ಜಿ ಮೇಜಿನ ಮೇಲಿಟ್ಟು ಗುಬ್ಬಿಯನ್ನು ಕರೆದೆ. ಫೋನಿನ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನಾನು ಉಗ್ರಾಣದಲ್ಲಿ ಕುಳಿತದ್ದನ್ನೂ ಹೇಳಬೇಕಿತ್ತು.

"ನಿಜ ಹೇಳು. ಅಲ್ಲಿ ಪಕ್ಕದ ಕೋಣೆಯಲ್ಲಿ ಯಾರು ಕೂತಿರಬೇಕು?"

"ನೀವು, ಅಜ್ಜಿ."

"ನಿಜ ಹೇಳು ಅಂದೆ."

ಬೆರಳುಗಳನ್ನು ಒಂದರ ಮೇಲೊಂದು ಒತ್ತಿಕೊಳ್ಳುತ್ತಿದ್ದಳು. ಚಿಕ್ಕಂದಿನಿಂದಲೂ ಹೆದರಿದರೆ ಅವಳ ಬೆರಳುಗಳು ತಣ್ಣಗಾಗುತ್ತವೆ.

"ನೀವು ಕೂತಿದ್ರೆ ನಾನು ಗಂಟು ಎಣಿಸ್ತಾ ಇರ್ತೀನಿ ಅಜ್ಜಿ. ದಾರ ಇಲ್ದಿದ್ರೂನೂ."

ಒರಟಾಗಿ ಹೇಳಲಿಲ್ಲ. ನನಗೆ ನೋವಾದೀತು ಎಂದು ಎಷ್ಟು ಮೆಲ್ಲಗೆ ಹೇಳಬಹುದೋ ಅಷ್ಟು ಮೆಲ್ಲಗೆ ಹೇಳಿದಳು.

"ನನ್ನ ಕಂಡ್ರೆ ನಿಂಗೆ ಭಯಾನಾ?"

"ಭಯ ಅಲ್ಲ. ನೀವು ಮೆಚ್ಕೋಬೇಕು ಅಂತ ಆಸೆ. ಅದು ಇನ್ನೂ ಕಷ್ಟ."

ಹೋಗಿ ಮಲಗು ಎಂದೆ. ಸಂಜೆ ಆರೂವರೆಯಾಗಿತ್ತಷ್ಟೆ, ಇನ್ನೂ ಬೆಳಕಿತ್ತು. ಅವಳು ಹೋದಳು. ಕಿಟಕಿಯ ಹತ್ತಿರ ಕುಳಿತೆ. ಎದುರು ಮನೆಯ ಹೆಂಗಸು ಒಣಗಿದ ಬಟ್ಟೆ ಒಂದೊಂದೇ ಎಳೆದು ಮಡಚುತ್ತಿದ್ದಳು. ಅಂಗಿಯ ತೋಳುಗಳನ್ನು ತಪ್ಪಾಗಿ ಮಡಚುತ್ತಾಳೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಒಂದು ದಿನವೂ ಮಾತಾಡಿಸಿಲ್ಲ.

ಮೇ ೭, ಬುಧವಾರ

ನದಿ ದಾಟಲು ಬಸ್ಸಿನಲ್ಲಿ ನಲವತ್ತು ನಿಮಿಷ. ಕಿರಿಮಗ ವ್ಯಾನಿನಲ್ಲಿ ಬಿಡುತ್ತೇನೆಂದ, ಬೇಡವೆಂದೆ. ಬೂದು ಕೋಟು ಹಾಕಿಕೊಂಡಿದ್ದೆ. ಹೊರಡುವ ಮುಂಚೆಯೇ ಅರ್ಜಿಯಲ್ಲಿ ಹೆಸರು ಬರೆದಿದ್ದೆ. ದಾರಿಯಲ್ಲಿ ಮನಸ್ಸು ಬದಲಾದರೆ ಹೊಡೆದುಹಾಕಬೇಕಾಗುತ್ತದೆ. ಹೊಡೆದುಹಾಕಿದ ಕಾಗದವನ್ನು ನಾನು ಯಾರಿಗೂ ಕಳಿಸುವವಳಲ್ಲ ಎಂಬುದು ನನಗೆ ಗೊತ್ತು.

ಮೂರನೇ ಮಹಡಿ. ಬಾಗಿಲು ತೆರೆದವನು ಡ್ರೈವರ್. ಗಲ್ಲದ ಮೇಲೆ ಅರ್ಧ ಸೋಪಿನ ನೊರೆ, ಕೈಯಲ್ಲಿ ರೇಜರ್. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಬನ್ನಿ, ಬನ್ನಿ ಒಳಗೆ," ಎಂದವನು ನೊರೆಯನ್ನು ತೋಳಿಗೇ ಒರೆಸಿಕೊಂಡ. ನಿಜಕ್ಕೂ ಚಿಕ್ಕ ಮನೆ. ಬಾಗಿಲಿನ ಅಗಲವನ್ನು ಕಣ್ಣಲ್ಲೇ ಅಳೆದೆ. ಹಿಡಿಯುವುದಿಲ್ಲ, ಅವಳು ಹೇಳಿದ್ದು ಸರಿ.

ಅವಳು ಒಳಗಿನಿಂದ ಬಂದಳು. ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟು ನಿಂತಿದ್ದಳು. ತಲೆಯಲ್ಲಿ ಅಲ್ಲಲ್ಲಿ ನರೆ ಬಂದಿದೆ.

"ಅತ್ತೆ... ಗುಬ್ಬಿಗೆ ಏನಾದ್ರೂ...?"

"ಅವಳಿಗೇನೂ ಆಗಿಲ್ಲ. ಇಲ್ಲಿ ಸಹಿ ಬೇಕು."

ನಿಂತೇ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಕುಳಿತಳು.

"ನನ್ನ ಹೆಸರು ನೀವು ಬರೆದ್ರಾ?"

"ಅಕ್ಷರ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗತ್ತೆ." ಪೆನ್ನು ಹುಡುಕಿದಳು, ಸಿಕ್ಕಲಿಲ್ಲ. ಡ್ರೈವರ್ ತನ್ನ ಅಂಗಿಯ ಜೇಬಿನಿಂದ ತೆಗೆದುಕೊಟ್ಟ. ಅವಳು ಸಹಿ ಮಾಡುವಾಗ ನಾನು ಬೇರೆ ಕಡೆ ನೋಡಿದೆ. "ಅತ್ತೆ, ನೀವು ಬೂದು ಕೋಟು ಇಸ್ತ್ರಿ ಮಾಡಿಟ್ಕೊಂಡಿದೀರ ಅಂತ ಗುಬ್ಬಿ..." ಎಂದವಳು ತುಟಿ ಕಚ್ಚಿಕೊಂಡಳು. ಗುರುವಾರದ ಗುಟ್ಟು ಬಾಯಿಜಾರಿತು ಎಂದು ಹೆದರಿರಬೇಕು.

"ಹಾಕ್ಕೊಂಡಿದೀನಲ್ಲ. ವ್ಯರ್ಥ ಆಗಿಲ್ಲ," ಎಂದೆ. "ರಜೆ ಕೊಡ್ತಾರಾ ಅಂಗಡೀಲಿ?"

"ಕೊಡದಿದ್ರೆ ಬಿಟ್ಟು ಹೋಗ್ತೀನಿ."

"ಸ್ಟೇಜಿಗೆ ಹೋಗೋ ಮುಂಚೆ ಅವಳ ಕೈ ಉಜ್ಜು. ಬೆರಳು ತಣ್ಣಗಾಗ್ತವೆ."

"ಗೊತ್ತು ಅತ್ತೆ."

"ಗೊತ್ತಿರತ್ತೆ. ಆದ್ರೂ ಹೇಳಿದೆ."

ನೀರು ಕುಡಿದೆ, ಇನ್ನೇನೂ ತೆಗೆದುಕೊಳ್ಳಲಿಲ್ಲ. ಕೆಳಗಿನವರೆಗೆ ಬರುತ್ತೇನೆ ಎಂದಳು. ಕೆಲಸಕ್ಕೆ ತಡವಾಗುತ್ತದೆ, ಇರು ಎಂದೆ. ಮೂರು ಮಹಡಿ ಇಳಿಯುವವರೆಗೂ ಮೇಲೆ ಬಾಗಿಲು ಮುಚ್ಚಿದ ಸದ್ದು ಬರಲಿಲ್ಲ.

ಅರ್ಜಿಯನ್ನು ಮನೆಯ ಹತ್ತಿರದ ಅಂಚೆ ಪೆಟ್ಟಿಗೆಗೆ ಹಾಕೋಣವೆಂದುಕೊಂಡಿದ್ದೆ. ಬಸ್ ನಿಲ್ದಾಣದ ಪಕ್ಕದಲ್ಲೇ ಒಂದು ಕಂಡಿತು. ಲಕೋಟೆಯ ಅಂಚು ಸರಿಯಾಗಿ ಅಂಟಿದೆಯೇ ನೋಡಿದೆ. ಹಾಕಿದೆ. ಬಸ್ಸೊಂದು ಹೊರಡುತ್ತಿತ್ತು, ಕಾಗದ ಬಿದ್ದ ಸದ್ದು ಕೇಳಿಸಲಿಲ್ಲ. ಪೆಟ್ಟಿಗೆಯ ಬಾಯಿಯೊಳಗೆ ಬೆರಳು ಇಳಿಸಿ ತಡಕಿದೆ. ಏನೂ ಸಿಗಲಿಲ್ಲ.

ಹಿಂದೆ ನಿಂತಿದ್ದ ಹೆಂಗಸೊಬ್ಬಳು ಕೇಳಿದಳು. "ಏನಮ್ಮಾ, ಏನಾದ್ರೂ ಕೈತಪ್ಪಿ ಬಿದ್ದುಹೋಯ್ತಾ?"

"ಇಲ್ಲ," ಎಂದೆ. "ನಾನೇ ಹಾಕಿದ್ದು."